ಸಾಹೇಬನ ಬಂದೂಕು, ಸೋಲಿಗನ ಕಣ್ಣು

ಕಾಲುವೆ ನೋಡಿಕೊಳ್ಳುವ ನೌಕರಿಗೆ ಸೇರಿದವನು ಆನೆ ಹಿಡಿಯುವ ಸಾಹೇಬನಾದ. ಶಿಕಾರಿಗೆಂದು ಕಾಡು ಹೊಕ್ಕವನು ಕಾಡುಪ್ರಾಣಿಗಳ ದಿನಚರಿ ಬರೆದ. ಜಾರ್ಜ್ ಪೆರೆಸ್ ಸ್ಯಾಂಡರ್‌ಸನ್ 1878ರಲ್ಲಿ ಹೊರತಂದ ಪುಸ್ತಕದ ಮುಖಪುಟದಲ್ಲಿ ಇರುವುದು ಅವನೊಬ್ಬನ ಹೆಸರು. ಒಳಪುಟಗಳ ತುಂಬ ಮಾತ್ರ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕಾಕನಕೋಟೆಯ ಕುರುಬರು!

1874ರ ಜೂನ್. ಚಾಮರಾಜನಗರದ ಆಚೆ, ಬಿಳಿಗಿರಿರಂಗನ ಬೆಟ್ಟದ ತಪ್ಪಲು. ಮುಂಗಾರು ಬಿದ್ದು ಬಯಲಿನಲ್ಲಿ ಎಳೆಹುಲ್ಲು ಎದ್ದಿದೆ. ಕತ್ತಲು ಕವಿಯುತ್ತಿದ್ದಂತೆ ಹೊನ್ನುಹೊಳೆಯ ದಂಡೆಯ ಕಾಡಿನ ಸುತ್ತ ಒಂದೊಂದೇ ಬೆಂಕಿ ಹೊತ್ತಿಕೊಳ್ಳುತ್ತದೆ. ಒಂದೊಂದು ಬೆಂಕಿಯ ಬಳಿಯೂ ಕಂಬಳಿ ಹೊದ್ದ ಕಾವಲಿನವರು. ನಡುನಡುವೆ ಕೂಗು, ತಮಟೆ. ಬೆಂಕಿಯ ಆ ಬಳೆಯೊಳಗೆ ಐವತ್ತಕ್ಕೂ ಹೆಚ್ಚು ಕಾಡಾನೆಗಳು.

ಆನೆ ಬೆಂಕಿ ದಾಟಿ ನುಗ್ಗಿದರೆ ತಡೆಯಬಲ್ಲ ಗೋಡೆ ಅಲ್ಲಿಲ್ಲ. ಇಡೀ ಏರ್ಪಾಡು ನಿಂತಿರುವುದು ಒಂದು ನಂಬಿಕೆಯ ಮೇಲೆ: ಹಿಂಡು ಹೆದರಿಕೆಯಿಂದ ಯಾವ ಕಡೆ ತಿರುಗೀತು, ಯಾವ ಹೊತ್ತಿಗೆ ನೀರಿಗೆ ಇಳಿದೀತು, ಯಾವ ದಾರಿ ಹಿಡಿದೀತು ಎಂಬುದು ಮೊದಲೇ ಗೊತ್ತಿದೆ ಎಂಬ ನಂಬಿಕೆ. ಅದನ್ನು ನಂಬಿ ರಾತ್ರಿಯೆಲ್ಲ ಎಚ್ಚರವಿದ್ದವನು ಇಪ್ಪತ್ತಾರರ ಆಸುಪಾಸಿನ ಒಬ್ಬ ಇಂಗ್ಲಿಷ್ ಯುವಕ. ಅವನು ಅದುವರೆಗೆ ಒಂದೇ ಒಂದು ಆನೆಹಿಂಡನ್ನೂ ಹಿಡಿದವನಲ್ಲ.

ಕೊನೆಗೆ ಹಿಂಡು ಅಂದುಕೊಂಡ ದಾರಿಯಲ್ಲೇ ಸಾಗಿ ದೊಡ್ಡಿಯೊಳಗೆ ಬಿತ್ತು. ಬಾಗಿಲು ಮುಚ್ಚಿತು. ಮೈಸೂರು ಸೀಮೆಯಲ್ಲಿ ಖೆಡ್ಡಾ ಮೊದಲ ಬಾರಿಗೆ ಗೆದ್ದಿತು.

ಇವತ್ತಿಗೂ ನಮ್ಮ ಪತ್ರಿಕೆಗಳಲ್ಲಿ ರಾಜಕಾರಣಿಗಳು ಒಬ್ಬರನ್ನೊಬ್ಬರು ‘ಖೆಡ್ಡಾಕ್ಕೆ ಕೆಡವುತ್ತಾರೆ’. ಆ ಮಾತಿನ ಬೆನ್ನು ಹಿಡಿದು ಹಿಂದಕ್ಕೆ ನಡೆದರೆ ಸಿಗುವುದು ಆ ಜೂನ್ ತಿಂಗಳ ಹೊನ್ನುಹೊಳೆಯ ದಂಡೆ.

ನಿಘಂಟಿನ ಮನೆಯ ಹುಡುಗ

ಸ್ಯಾಂಡರ್‌ಸನ್ ಎಂಬ ಹೆಸರು ಕನ್ನಡ ಅಕ್ಷರಲೋಕಕ್ಕೆ ಹೊಸದಲ್ಲ. ತಂದೆ ಡೇನಿಯಲ್ ಸ್ಯಾಂಡರ್‌ಸನ್ ಮೈಸೂರು ಸೀಮೆಯಲ್ಲಿದ್ದ ವೆಸ್ಲಿಯನ್ ಮಿಷನ್ನಿನ ಪಾದ್ರಿ. ಲಕ್ಷ್ಮೀಶನ ಜೈಮಿನಿ ಭಾರತಕ್ಕೆ ಇಂಗ್ಲಿಷ್ ಅನುವಾದ, ಟಿಪ್ಪಣಿ ಸೇರಿಸಿ 1852ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು. ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಮತ್ತೆ ಹೊರತಂದವರೂ ಅವರೇ. ಕಿಟ್ಟೆಲ್ ನಿಘಂಟು ಬರಲು ಇನ್ನೂ ಮೂವತ್ತಾರು ವರ್ಷ ಬಾಕಿಯಿದ್ದ ಕಾಲ ಅದು.

ಮಗ ಜಾರ್ಜ್ ಹುಟ್ಟಿದ್ದು 1848ರಲ್ಲಿ, ಭಾರತದಲ್ಲಿ. ಓದಿಗೆ ಇಂಗ್ಲೆಂಡಿಗೆ ಹೋಗಿ, 1864ರಲ್ಲಿ, ಮೀಸೆ ಮೂಡುವ ವಯಸ್ಸಿಗೆ, ವಾಪಸು ಬಂದ. ಕಾಫಿ ತೋಟದ ಕನಸಿತ್ತು, ಅದು ಕೈಗೂಡಲಿಲ್ಲ. ಕುಳಿತ ಹೊತ್ತಿನಲ್ಲಿ ಕನ್ನಡ ಕಲಿತ. 1868ರಲ್ಲಿ ಮೈಸೂರಿನ ನೀರಾವರಿ ಕಾಲುವೆಗಳ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು.

ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಕಾಲುವೆ ನೌಕರಿ ಎಂದರೆ ಕುದುರೆಯ ಮೇಲೆ ಊರೂರು ಸುತ್ತುವ ಕೆಲಸ. ಹೊಳೆಯಿಂದ ಹೊರಟ ನೀರು ಗದ್ದೆ ಮುಟ್ಟುವವರೆಗೆ ಅದರ ಜೊತೆ ನಡೆಯಬೇಕು. ಹಾಗೆ ನಡೆದರೆ ಒಂದಲ್ಲ ಒಂದು ಕಡೆ ಕಾಡಂಚು ಸಿಕ್ಕೇ ಸಿಗುತ್ತದೆ. ಕಾಡಂಚಿನಲ್ಲಿ ಬೆಳೆ ಕಳೆದುಕೊಂಡ ರೈತ, ದನ ಕಳೆದುಕೊಂಡ ಗೊಲ್ಲ, ಜಾಡು ಬಲ್ಲ ಸೋಲಿಗ ಸಿಗುತ್ತಾರೆ. ಅವರ ಜೊತೆ ಮಾತಾಡಲು ದುಭಾಷಿ ಬೇಡವಾದ ಸಾಹೇಬರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದಿರಬಹುದು?

ಚಾಮರಾಜನಗರದ ಹತ್ತಿರ ಮೋರ್ಲೆ ಎಂಬಲ್ಲಿ ಆತ ಒಂದು ಬಂಗಲೆ ಕಟ್ಟಿಕೊಂಡ. ಎದುರಿಗೆ ಬಿಳಿಗಿರಿರಂಗನ ಬೆಟ್ಟಸಾಲು. ಅವನ ಪುಸ್ತಕದ ಬಹುಪಾಲು ಪುಟಗಳು ಹುಟ್ಟಿದ್ದು ಆ ಕಾಡಂಚಿನಲ್ಲಿ.

ಹೈದರನ ಶಾಪ

ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವುದು ಹೊಸ ಕಸುಬೇನಲ್ಲ. ಗುಂಡಿ ತೋಡಿ, ಮೇಲೆ ಬಿದಿರು-ಸೊಪ್ಪು ಹಾಸಿ ಮುಚ್ಚಿ, ಆನೆ ಬೀಳುವವರೆಗೆ ಕಾಯುವುದು ಹಳೆಯ ಪದ್ಧತಿ. ಬಿದ್ದ ಆನೆಗೆ ಕಾಲೋ ಸೊಂಟವೋ ಮುರಿಯುತ್ತಿತ್ತು. ಎಷ್ಟೋ ಆನೆಗಳು ಗುಂಡಿಯಲ್ಲೇ ಸಾಯುತ್ತಿದ್ದವು. ಗುಂಡಿಯ ಈ ಕ್ರೌರ್ಯವನ್ನು ಸ್ಯಾಂಡರ್‌ಸನ್ ಕಟುವಾಗಿ ಟೀಕಿಸಿದ್ದಾನೆ.

ಇಡೀ ಹಿಂಡನ್ನೇ ಓಡಿಸಿ ದೊಡ್ಡಿಗೆ ಕೂಡುವ ಖೆಡ್ಡಾ ಬಂಗಾಳದ ಕಡೆಯದು. ದಕ್ಷಿಣದಲ್ಲಿ ಅದು ನಡೆಯದು ಎಂಬ ಮಾತು ಬಲವಾಗಿ ಬೇರೂರಿತ್ತು. ಹೈದರಲಿ ಕಾಕನಕೋಟೆ ಕಾಡಿನಲ್ಲಿ ಪ್ರಯತ್ನಿಸಿ ಸೋತಿದ್ದ. ಇನ್ನು ಯಾರಿಂದಲೂ ಇದು ಆಗದು, ಮಾಡಹೊರಟವನಿಗೆ ನನ್ನ ಶಾಪವಿರಲಿ ಎಂಬ ಅರ್ಥದ ಬರಹವನ್ನು ಕಲ್ಲಿನ ಮೇಲೆ ಕೆತ್ತಿಸಿದ್ದ. ಆ ಕಲ್ಲು ತನ್ನ ಕಾಲಕ್ಕೂ ಅಲ್ಲಿ ನಿಂತಿತ್ತು ಎನ್ನುತ್ತಾನೆ ಸ್ಯಾಂಡರ್‌ಸನ್. ಅವನಿಗಿಂತ ಮೊದಲು ಬ್ರಿಟಿಷ್ ಅಧಿಕಾರಿಯೊಬ್ಬ ಕೈಹಾಕಿ ಕೈಸುಟ್ಟುಕೊಂಡದ್ದೂ ಉಂಟು.

1873ರಲ್ಲಿ ಸರ್ಕಾರದ ಒಪ್ಪಿಗೆ ಪಡೆದು ಸ್ಯಾಂಡರ್‌ಸನ್ ಕೆಲಸಕ್ಕಿಳಿದ. ಮೊದಲ ಯತ್ನ ಮಣ್ಣುಪಾಲಾಯಿತು. ಎರಡನೆಯ ಸಲ ಆತ ಆನೆಗಳನ್ನು ತನ್ನ ದೊಡ್ಡಿಯ ಬಳಿಗೆ ತರುವ ಹಟ ಬಿಟ್ಟು, ಆನೆಗಳು ತಾವಾಗಿ ಬರುವಲ್ಲಿಗೆ ದೊಡ್ಡಿಯನ್ನೇ ಒಯ್ದ. ಮುಂಗಾರಿನಲ್ಲಿ ಹಿಂಡುಗಳು ಬೆಟ್ಟ ಇಳಿದು ಬಯಲಿನ ಎಳೆಹುಲ್ಲಿಗೆ ಬರುತ್ತವೆ ಎಂಬುದನ್ನು ಆ ಸೀಮೆಯ ಜನ ತಲೆಮಾರುಗಳಿಂದ ಬಲ್ಲರು. ಆತ ಅದನ್ನು ನಂಬಿದ. ಪುಸ್ತಕದಲ್ಲಿ ‘ಕಾರ್ಡಿಹಳ್ಳಿ’ ಎಂದು ಬರೆದ ಜಾಗದಲ್ಲಿ ದೊಡ್ಡಿ ಎದ್ದಿತು. ಬಂಗಾಳದಿಂದ ಪಳಗಿದ ಕೆಲಸಗಾರರು ಬಂದಿರಲಿಲ್ಲ. ಕೈಗೂಡಿಸಿದವರು ಸುತ್ತಲಿನ ಹಳ್ಳಿಗರು, ಹಾಡಿ-ಪೋಡುಗಳ ಜನ, ಮೈಸೂರಿನ ಮಾವುತರು.

ಖೆಡ್ಡಾದೊಳಗೆ ಆತ ಒಂದು ವಿಚಿತ್ರ ಗಮನಿಸಿದ. ಪಳಗಿದ ಆನೆಯ ಮೇಲೆ ಕೂತು ಮಾವುತರು ಕಾಡಾನೆಗಳ ನಡುವೆಯೇ ಓಡಾಡುತ್ತಾರೆ. ಹಿಂಗಾಲಿಗೆ ಹಗ್ಗ ಬಿಗಿಯುತ್ತಾರೆ. ಸೊಂಡಿಲು ಚಾಚಿದರೆ ಮಾವುತ ಕೈಗೆ ಸಿಗುತ್ತಾನೆ. ಆದರೂ ಕಾಡಾನೆ ಅವನನ್ನು ಎಳೆದು ಕೆಡವುವುದಿಲ್ಲ. ಆನೆಯ ಮೇಲೆ ಕೂತ ಮನುಷ್ಯ ಕಾಡಾನೆಯ ಕಣ್ಣಿಗೆ ಆನೆಯದೇ ಭಾಗ. ಇಂದಿಗೂ ಪುಂಡಾನೆ ಹಿಡಿಯಲು ಪಳಗಿದ ಕುಮ್ಕಿ ಆನೆಗಳನ್ನು ಒಯ್ಯುವುದರ ಹಿಂದೆ ಈ ತಿಳಿವಳಿಕೆಯಿದೆ.

ಹಿಂಡಿನ ಯಜಮಾನಿ

ಆ ಕಾಲದ ಶಿಕಾರಿ ಪುಸ್ತಕಗಳನ್ನು ಓದಿದವರಿಗೆ ಗೊತ್ತು: ಬಂದೂಕಿನ ಕಥೆ ಮುಗಿಯುವ ಹೊತ್ತಿಗೆ ಹುಲಿ ಎರಡಡಿ ಬೆಳೆದಿರುತ್ತದೆ, ಆನೆ ಮೂರಡಿ ಎತ್ತರವಾಗಿರುತ್ತದೆ. ಸ್ಯಾಂಡರ್‌ಸನ್ನನ ಚೀಲದಲ್ಲಿ ಬಂದೂಕಿನ ಜೊತೆ ಅಳತೆಪಟ್ಟಿಯೂ ಇತ್ತು. ಹನ್ನೆರಡು ಅಡಿ, ಹದಿನೈದು ಅಡಿ ಎತ್ತರದ ಆನೆಗಳ ಸುದ್ದಿ ಆಗ ಹರಿದಾಡುತ್ತಿತ್ತು. ಆತ ಅಳೆದು ನೋಡಿ, ಭುಜದ ಬಳಿ ಹತ್ತಡಿ ಮುಟ್ಟುವ ಆನೆಯೇ ಅಪರೂಪ ಎಂದ. ತಾನು ಹೊಡೆದ ಅತಿ ದೊಡ್ಡ ಹುಲಿಯ ಉದ್ದ ಒಂಬತ್ತೂವರೆ ಅಡಿ ಎಂದು ಸಂಕೋಚವಿಲ್ಲದೆ ಬರೆದ. ಹನ್ನೆರಡು ಅಡಿಯ ಹುಲಿಗಳ ಕಥೆ ಹೇಳುತ್ತಿದ್ದ ಕ್ಲಬ್ಬುಗಳಲ್ಲಿ ಇದು ರುಚಿಸಿರಲಾರದು.

ಅಳತೆಗಿಂತ ದೊಡ್ಡದು ಆತನ ಇನ್ನೊಂದು ಮಾತು. ಆನೆಹಿಂಡನ್ನು ನಡೆಸುವುದು ಗಂಡಾನೆಯಲ್ಲ, ಹೆಣ್ಣಾನೆ ಎಂದು ಆತ ಖಚಿತವಾಗಿ ಬರೆದ. ದಂತದ ಗಜರಾಜ ಮುಂದೆ, ಹೆಂಗಸರು-ಮಕ್ಕಳು ಹಿಂದೆ ಎಂಬ ಚಿತ್ರ ಆಗಿನ ಓದುಗರ ತಲೆಯಲ್ಲಿ ಗಟ್ಟಿಯಾಗಿತ್ತು. ಸಲಗ ಹಿಂಡಿನ ಹಿಂದೆಯೋ ಪಕ್ಕದಲ್ಲೋ ತನ್ನ ಪಾಡಿಗೆ ಮೇಯುತ್ತಿರುತ್ತದೆ. ಅಪಾಯ ಬಂದಾಗ ದಾರಿ ತೋರುವುದು ಅನುಭವಿ ಹೆಣ್ಣು. ಒಂಟಿ ಸಲಗವೆಂದರೆ ಹಿಂಡಿನಿಂದ ಹೊರದಬ್ಬಿಸಿಕೊಂಡ ದುಷ್ಟ ಎಂಬ ಕಥೆಯನ್ನೂ ಆತ ಒಪ್ಪಲಿಲ್ಲ. ಅಂಥ ಎಷ್ಟೋ ಸಲಗಗಳು ಹಿಂಡಿನ ಆಸುಪಾಸಿನಲ್ಲೇ ಇದ್ದು, ಬೇಕೆನಿಸಿದಾಗ ಸೇರಿಕೊಳ್ಳುತ್ತವೆ ಎಂದ.

ಕಿವಿಯನ್ನೂ ತೆರೆದಿಟ್ಟಿದ್ದ. ಕೋಪದ ಘೀಳು ಬೇರೆ, ಹೆದರಿಕೆಯ ಘೀಳು ಬೇರೆ, ಸಂತೋಷದಲ್ಲಿ ಗಂಟಲಿನೊಳಗೆ ಹೊರಳುವ ಗುಡುಗು ಬೇರೆ. ಅನುಮಾನ ಬಂದಾಗ ಆನೆ ಸೊಂಡಿಲ ತುದಿಯನ್ನು ನೆಲಕ್ಕೆ ಬಡಿದು ಹೊರಡಿಸುವ ಸದ್ದು, ದೊಡ್ಡ ತಗಡನ್ನು ಥಟ್ಟನೆ ಮಡಚಿದಂತೆ ಕೇಳುತ್ತದೆ ಎಂದು ಆತ ಗುರುತು ಮಾಡಿದ. ಕಾಡಂಚಿನಲ್ಲಿ ಅಟ್ಟಣೆಯ ಮೇಲೆ ರಾಗಿ ಹೊಲ ಕಾದವರಿಗೆ ಈ ಸದ್ದಿನ ಪರಿಚಯ ಇದ್ದೇ ಇರುತ್ತದೆ. ನಮ್ಮ ಕಿವಿಗೆ ನಿಲುಕದ ಕೆಳಸ್ವರದಲ್ಲೂ ಆನೆಗಳು ಮಾತಾಡುತ್ತವೆ ಎಂಬುದು ಗೊತ್ತಾಗಲು 1984ರಲ್ಲಿ ಅಮೆರಿಕದ ಸಂಶೋಧಕಿ ಕೇಟಿ ಪೇನ್ ಪೋರ್ಟ್‌ಲೆಂಡ್ ಮೃಗಾಲಯದ ಏಷ್ಯಾ ಆನೆಗಳ ಮುಂದೆ ನಿಲ್ಲಬೇಕಾಯಿತು.

> ಬಾಕ್ಸ್ 1: ಅಳತೆಪಟ್ಟಿ ಹೇಳಿದ್ದು
>
> • ಪಾದ ಎರಡು ಸುತ್ತು: ಆನೆಯ ಮುಂಗಾಲಿನ ಪಾದದ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಭುಜದವರೆಗಿನ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಸ್ಯಾಂಡರ್‌ಸನ್ ದಾಖಲಿಸಿದ ಈ ಲೆಕ್ಕ ಇಂದಿಗೂ ಹೆಜ್ಜೆಗುರುತು ನೋಡಿ ಆನೆ ಅಂದಾಜಿಸುವವರ ನೆರವಿಗೆ ಬರುತ್ತದೆ.
>
> • ಆರು ಗಂಟೆಯ ಈಜು: 1875ರ ನವೆಂಬರಿನಲ್ಲಿ 79 ಆನೆಗಳನ್ನು ಢಾಕಾದಿಂದ ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರಕ್ಕೆ ಸಾಗಿಸಲಾಯಿತು. ಒಂದು ಕಡೆ ಅವು ನೆಲಕ್ಕೆ ಕಾಲು ತಾಗದೆ ಆರು ಗಂಟೆ ಈಜಿದವು. ಮರಳುದಿಬ್ಬದ ಮೇಲೆ ಸುಧಾರಿಸಿಕೊಂಡು ಮತ್ತೆ ಮೂರು ಗಂಟೆ. ಒಂದೂ ಮುಳುಗಲಿಲ್ಲ.
>
> • ಹೆಗಲ ಮೇಲಿನ ಭಾರ: ಆತ ಆನೆಗೆ ಬಳಸುತ್ತಿದ್ದ ಜೋಡುನಳಿಗೆ ಬಂದೂಕು ಹತ್ತೊಂಬತ್ತೂವರೆ ಪೌಂಡ್, ಅಂದರೆ ಸುಮಾರು 9 ಕಿಲೋ ತೂಗುತ್ತಿತ್ತು.

ಹುಲಿಯ ಪರ ವಕಾಲತ್ತು

ಹುಲಿ ಕೊಂದವರಿಗೆ ಸರ್ಕಾರ ಇನಾಮು ಕೊಡುತ್ತಿದ್ದ ದಿನಗಳವು. ಹುಲಿ ನಿರ್ಮೂಲವಾದಷ್ಟೂ ನಾಗರಿಕತೆ ಮುಂದುವರಿದಂತೆ ಎಂದು ಕಚೇರಿಗಳು ಲೆಕ್ಕ ಹಾಕುತ್ತಿದ್ದವು. ಆಗ ಈ ಶಿಕಾರಿ ಎದ್ದು ನಿಂತು ಹುಲಿಯ ಪರವಾಗಿ ಮಾತಾಡಿದ.

ಎಲ್ಲ ಹುಲಿಗಳನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ ಎಂಬುದು ಆತನ ಮೊದಲ ವಾದ. ಕಾಡುಪ್ರಾಣಿಗಳನ್ನೇ ತಿಂದು ಬದುಕುವ ಹುಲಿ ಒಂದು ಬಗೆ. ದನಕ್ಕೆ ಬೀಳುವ ಹುಲಿ ಇನ್ನೊಂದು. ನರಭಕ್ಷಕ ಮೂರನೆಯದು, ಅದು ತೀರ ವಿರಳ. ಮೊದಲ ಬಗೆಯ ಹುಲಿ ಜಿಂಕೆ, ಹಂದಿಗಳನ್ನು ಹದ್ದುಬಸ್ತಿನಲ್ಲಿಟ್ಟು ರೈತನ ಬೆಳೆ ಕಾಯುತ್ತದೆ. ಎರಡನೆಯದು ತಿನ್ನುವ ದನಗಳಲ್ಲೂ ಹಾಲಿಲ್ಲದ, ನೊಗಕ್ಕೆ ಬಾರದ ಬಡಕಲು ರಾಸುಗಳೇ ಹೆಚ್ಚು. ಕೊಲ್ಲಬೇಕಾದದ್ದು ಮೂರನೆಯದನ್ನು. ಪ್ರಕೃತಿಯ ಸಮತೋಲಕ್ಕೆ ಕೈಹಾಕಿದರೆ ದಂಡ ತೆರಬೇಕಾಗುತ್ತದೆ ಎಂದು ಆತ ಎಚ್ಚರಿಸಿದ. ಪರಿಸರ ವಿಜ್ಞಾನ ಎಂಬ ಹೆಸರೇ ಜನರ ಬಾಯಿಗೆ ಬಂದಿರದ 1878ರಲ್ಲಿ!

ಇದು ಮೆತ್ತಗಿನ ಮನಸ್ಸಿನವನ ಮಾತಲ್ಲ. ಚಾಮರಾಜನಗರದ ಸೀಮೆಯನ್ನು ನಡುಗಿಸಿದ ಹೆಣ್ಣು ನರಭಕ್ಷಕ ಹುಲಿಯ ಬೆನ್ನು ಹತ್ತಿದವನು ಅವನೇ. ಬೆಂಕಿಪುರದ, ಅಂದರೆ ಈಗಿನ ಭದ್ರಾವತಿಯ, ಹುಲಿಯ ಕಥೆಯೂ ಪುಸ್ತಕದಲ್ಲಿದೆ. ಮೈಸೂರಿನಿಂದ ವಯನಾಡಿಗೆ ಹೋಗುವ ದಾರಿಯಲ್ಲಿ ಜನರನ್ನು ಕೊಲ್ಲುತ್ತಿದ್ದ ಕಾಕನಕೋಟೆಯ ಪುಂಡಾನೆಗೆ ಗುಂಡಿಟ್ಟವನೂ ಅವನೇ. ಗುಂಡು ಹಾರಿಸಿದ ಮೇಲೆ ಆತ ಸತ್ತ ಪ್ರಾಣಿಯ ಬಳಿ ಕೂತು ಗಾಯ ನೋಡುತ್ತಿದ್ದ, ಹಲ್ಲು ನೋಡುತ್ತಿದ್ದ. ಹುಲಿ ಕೊಂದ ದನಗಳ ಕತ್ತು ಪರೀಕ್ಷಿಸಿದ. ಹುಲಿ ಹಿಂಗತ್ತಿಗೆ ಬಾಯಿ ಹಾಕುತ್ತದೆ ಎಂದು ಅನೇಕರು ನಂಬಿದ್ದರೆ, ಅದು ಕೆಳಗಿನಿಂದ ಗಂಟಲು ಹಿಡಿದು ಕತ್ತು ತಿರುಚುವ ಬಗೆಯನ್ನು ವಿವರಿಸಿದ.

ಕಾಟಿಗೆ ‘ಬೈಸನ್’ ಎಂದವರಾರು?

ಇಂಗ್ಲಿಷ್ ಶಿಕಾರಿಗಳು ನಮ್ಮ ಕಾಟಿಯನ್ನು ‘ಬೈಸನ್’ ಎಂದು ಕರೆದು ಆ ಹೆಸರೇ ನಿಲ್ಲುವಂತೆ ಮಾಡಿದರು. ಅಮೆರಿಕದ ಬೈಸನ್ ಬೇರೆಯೇ ಪ್ರಾಣಿ. ಇದು ತಪ್ಪು ಹೆಸರು, ಸರಿಯಾದದ್ದು ‘ಗೌರ್’ ಎಂದು ಸ್ಯಾಂಡರ್‌ಸನ್ ಪಟ್ಟುಹಿಡಿದ. ನಮ್ಮ ಜನಕ್ಕೆ ಈ ಗೊಂದಲವೇ ಇರಲಿಲ್ಲ. ಕಾಟಿ, ಕಾಡುಕೋಣ, ಕಾಡೆಮ್ಮೆ ಎಂದು ಸೀಮೆಗೊಂದು ಹೆಸರಿಟ್ಟು ಸುಮ್ಮನಿದ್ದರು.

ಬಿದಿರುಮೆಳೆಗಳ ನಡುವೆ ದಿನಗಟ್ಟಲೆ ಕಾಟಿಗಳ ಬೆನ್ನು ಹತ್ತಿ ಆತ ಅವುಗಳ ಮೇವು, ವಿಶ್ರಾಂತಿಯ ಹೊತ್ತು, ಹಿಂಡಿನ ಕಟ್ಟುಪಾಡು ಬರೆದ. ಆರಡಿ ಎತ್ತರದ, ಕಾಲಿಗೆ ಬಿಳಿ ಕಾಲುಚೀಲ ತೊಟ್ಟಂತಿರುವ ಈ ಪ್ರಾಣಿ ಗಾಯಗೊಂಡ ಹೊರತು ಮೈಮೇಲೆ ಬೀಳುವುದು ವಿರಳ, ಸ್ವಭಾವದಲ್ಲಿ ನಾಚಿಕೆಯದು ಎಂದ. ಊರದನಗಳ ದೊಡ್ಡರೋಗ ಕಾಟಿಗಳಿಗೂ ತಗುಲಿ ಹಿಂಡುಗಟ್ಟಲೆ ಸಾಯಿಸುತ್ತದೆ ಎಂಬುದನ್ನು ಗುರುತಿಸಿದ. ಕಾಡಿಗೆ ಹೊಕ್ಕ ಊರದನದ ಜೊತೆ ರೋಗವೂ ಹೊಗುತ್ತದೆ ಎಂಬ ಈ ತಿಳಿವಳಿಕೆಯಿಂದಲೇ ಇಂದು ಕಾಡಂಚಿನ ಹಳ್ಳಿಗಳ ದನಗಳಿಗೆ ಲಸಿಕೆ ಹಾಕುವ ಶಿಬಿರಗಳು ನಡೆಯುತ್ತವೆ.

ನೋಡಿದವರು ಯಾರು?

ಇಷ್ಟೆಲ್ಲ ಆತನಿಗೆ ಹೇಗೆ ಗೊತ್ತಾಯಿತು? ಕ್ಯಾಮೆರಾ ಟ್ರ್ಯಾಪುಗಳ ಕಾಲ ಅದಲ್ಲ. ಕಾಡಿನಲ್ಲಿ ಪ್ರಾಣಿ ಕಣ್ಣಿಗೆ ಬೀಳುವುದು ಗಳಿಗೆಯ ಮಾತು. ಮಿಕ್ಕದ್ದೆಲ್ಲ ಅದು ಬಿಟ್ಟುಹೋದ ಗುರುತುಗಳಲ್ಲಿರುತ್ತದೆ.

ಆ ಗುರುತು ಓದುವ ವಿದ್ಯೆ ಸೋಲಿಗರದು, ಕುರುಬರದು. ಹುಲ್ಲಿನ ಮೇಲಿನ ಇಬ್ಬನಿ ಒಡೆದಿದೆಯೆ? ಹಾಗಾದರೆ ಬೆಳಗಿನ ಜಾವದ ನಂತರ ದಾಟಿದೆ. ಲದ್ದಿಯೊಳಗೆ ಕೈಯಿಟ್ಟರೆ ಬೆಚ್ಚಗಿದೆಯೆ? ಹತ್ತಿರದಲ್ಲೇ ಇದೆ. ಮುರಿದ ರೆಂಬೆಯ ತುದಿ ಒಣಗಿದೆಯೆ? ನಿನ್ನೆಯದು. ಮರದ ಕಾಂಡಕ್ಕೆ ಮೆತ್ತಿದ ಕೆಸರು ಎಷ್ಟು ಎತ್ತರದಲ್ಲಿದೆ? ಅದು ಉಜ್ಜಿಕೊಂಡ ಆನೆಯ ಬೆನ್ನಿನ ಎತ್ತರ. ಸಾಹೇಬನಿಗೆ ಕಾಡು ಎಂದು ಕಂಡದ್ದು ಜಾಡು ಹಿಡಿಯುವವನಿಗೆ ಹಿಂದಿನ ರಾತ್ರಿಯ ದಿನವಹಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜೀವನ ಕುರಿತು ಸ್ಯಾಂಡರ್‌ಸನ್ ಪುಟಗಟ್ಟಲೆ ಬರೆದಿದ್ದಾನೆ. ಅವರ ಜಾಡಿನ ಜಾಣ್ಮೆಗೆ ತಲೆದೂಗಿದ್ದಾನೆ. ಆ ಮೆಚ್ಚುಗೆಯ ನಡುವೆ ಸಾಹೇಬರ ದೊಡ್ಡಸ್ತಿಕೆಯೂ ಇಣುಕುತ್ತದೆ. ಆದರೆ ಸಂದೇಹ ಬಂದಾಗಲೆಲ್ಲ ಆತ ಕೇಳುವುದು ಅವರನ್ನೇ. ಸತ್ತ ಆನೆಯ ಕಳೇಬರ ಕಾಡಿನಲ್ಲಿ ಯಾಕೆ ಕಾಣುವುದಿಲ್ಲ ಎಂಬ ಒಗಟು ಅವನನ್ನು ಕಾಡಿತ್ತು. ಕಾಡಲ್ಲೇ ಹುಟ್ಟಿ ಬೆಳೆದವರೇ ತಾವೂ ನೋಡಿಲ್ಲವೆಂದಾಗ, ಆತ ಅದನ್ನು ಹಾಗೆಯೇ ಬರೆದು ಒಗಟನ್ನು ಒಗಟಾಗಿ ಬಿಟ್ಟ. ಗೊತ್ತಿಲ್ಲದ್ದಕ್ಕೆ ಕಥೆ ಹೊಸೆಯಲಿಲ್ಲ.

ಅಪ್ಪ ಕನ್ನಡದ ಪದಗಳನ್ನು ಒಟ್ಟುಮಾಡಿ ಅರ್ಥ ಬರೆದರು. ಮಗ ಕನ್ನಡದಲ್ಲಿ ಕೇಳಿ ಕಾಡಿನ ಅರ್ಥ ಬರೆದ. ಎರಡೂ ನಿಘಂಟುಗಳಿಗೆ ಪದ ಒದಗಿಸಿದವರು ಈ ನೆಲದ ಜನ.

ತಪ್ಪಿದ್ದೆಲ್ಲಿ?

ಆತ ಹೇಳಿದ್ದೆಲ್ಲ ಸರಿಯಲ್ಲ. ಆನೆ ನೂರೈವತ್ತು ವರ್ಷ ಬದುಕುತ್ತದೆ ಎಂದು ಆತ ನಂಬಿದ್ದ. 1805ರಲ್ಲಿ ಕೊಡಗಿನಲ್ಲಿ ಮರಿಯಾಗಿದ್ದಾಗ ಸೆರೆಸಿಕ್ಕ ಹೆಣ್ಣಾನೆಯೊಂದು ಏಳು ದಶಕ ಕಳೆದರೂ ಗಟ್ಟಿಮುಟ್ಟಾಗಿದ್ದುದನ್ನು ಕಂಡು ಅವನ ಲೆಕ್ಕ ಹಿಗ್ಗಿತು. ಆನೆಯ ಆಯಸ್ಸು ಮನುಷ್ಯನ ಆಯಸ್ಸಿನ ಆಸುಪಾಸಿನದು. ಎಪ್ಪತ್ತು ದಾಟಿದರೆ ಅದು ಮುದಿಯೇ.

ಆನೆಯ ಬುದ್ಧಿಯನ್ನು ಜನ ಅತಿಯಾಗಿ ಹೊಗಳುತ್ತಾರೆ, ಅದಕ್ಕಿರುವುದು ವಿಧೇಯತೆಯೇ ಹೊರತು ಜಾಣತನವಲ್ಲ ಎಂದೂ ಬರೆದ. ಹಗ್ಗದಿಂದ ಬಿಗಿದ ಆನೆಗಳನ್ನೇ ಹೆಚ್ಚಾಗಿ ಹತ್ತಿರದಿಂದ ಕಂಡವನಿಗೆ ವಿಧೇಯತೆಯಲ್ಲದೆ ಇನ್ನೇನು ಕಂಡೀತು? 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಏಷ್ಯಾ ಆನೆಯೊಂದು ಕನ್ನಡಿಯ ಮುಂದೆ ನಿಂತು, ತನ್ನ ಹಣೆಗೆ ಹಚ್ಚಿದ್ದ ಗುರುತನ್ನು ಸೊಂಡಿಲಿನಿಂದ ಮುಟ್ಟಿ ನೋಡಿಕೊಂಡಿತು. ಕನ್ನಡಿಯಲ್ಲಿರುವುದು ತಾನೇ ಎಂದು ತಿಳಿಯುವ ಪ್ರಾಣಿಗಳು ಬೆರಳೆಣಿಕೆಯಷ್ಟು.

ಮುಚ್ಚಿಡಬಾರದ ಇನ್ನೊಂದು ಸತ್ಯವಿದೆ. ಖೆಡ್ಡಾ ಗುಂಡಿಗಿಂತ ಮೇಲು ಎಂದು ಆತ ಹೇಳಿದ್ದು ನಿಜ. ಆದರೆ ದೊಡ್ಡಿಯೊಳಗಿನ ನೂಕುನುಗ್ಗಲಿನಲ್ಲಿ, ಹಗ್ಗದ ಗಾಯದಲ್ಲಿ, ತಾಯಿಯಿಂದ ಬೇರೆಯಾದ ಮರಿಗಳ ಹಸಿವಿನಲ್ಲಿ ಸತ್ತ ಆನೆಗಳು ಕಡಿಮೆಯಲ್ಲ. ಹೆಣ್ಣಾನೆ ನಡೆಸುವ ಕುಟುಂಬ ಎಂದು ಹಿಂಡನ್ನು ಅರ್ಥ ಮಾಡಿಕೊಂಡವನೇ ಆ ಕುಟುಂಬವನ್ನು ಹರಿದು ಹಂಚಿದ.

> ಬಾಕ್ಸ್ 2: ಕಾಡು ಕಳೆದುಕೊಂಡದ್ದು, ಉಳಿಸಿಕೊಂಡದ್ದು
>
> • 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಬಲಿಯಾದವು ಎಂಬುದು ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜು.
>
> • 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಹುಲಿ ಯೋಜನೆ. ಮೊದಲ ಒಂಬತ್ತು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಬಂಡೀಪುರವೂ ಒಂದು.
>
> • 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳು. 2023ರ ಆನೆ ಗಣತಿಯಂತೆ 6,395 ಆನೆಗಳು.

ಕಾಕನಕೋಟೆಯಿಂದ ಅರ್ಜುನನವರೆಗೆ

ಗೆದ್ದ ಖೆಡ್ಡಾ ಸ್ಯಾಂಡರ್‌ಸನ್ನನನ್ನು ಬಂಗಾಳಕ್ಕೆ ಎಳೆದೊಯ್ದಿತು. ಢಾಕಾದ ಆನೆ ಇಲಾಖೆ, ಚಿತ್ತಗಾಂಗಿನ ಗುಡ್ಡಗಾಡು, ಗಾರೋ ಬೆಟ್ಟಗಳನ್ನು ಸುತ್ತಿ ಮತ್ತೆ ಮೈಸೂರಿಗೆ ಬಂದ. 1892ರಲ್ಲಿ ಮದರಾಸಿನಲ್ಲಿ ತೀರಿಕೊಂಡಾಗ ವಯಸ್ಸು ಐವತ್ತೂ ತುಂಬಿರಲಿಲ್ಲ.

ಎರಡು ವರ್ಷದ ತರುವಾಯ ರಡ್ಯಾರ್ಡ್ ಕಿಪ್ಲಿಂಗನ ‘ಜಂಗಲ್ ಬುಕ್’ ಬಂತು. ಅದರ ಆನೆಗಳ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಮಾದರಿ ನಮ್ಮ ಸ್ಯಾಂಡರ್‌ಸನ್ ಎಂದು ಹೇಳುತ್ತಾರೆ. ಆ ಕಥೆ 1937ರಲ್ಲಿ ‘ಎಲಿಫೆಂಟ್ ಬಾಯ್’ ಎಂಬ ಸಿನಿಮಾ ಆಯಿತು. ಚಿತ್ರೀಕರಣಕ್ಕೆ ಬಂದವರು ಆರಿಸಿದ್ದು ಮೈಸೂರಿನ ಕಾಡನ್ನು; ನಾಯಕನಾಗಿ ಆರಿಸಿದ್ದು ಕಾರಾಪುರದ ಮಾವುತನ ಮಗ ಸಾಬುವನ್ನು. ಪುಸ್ತಕ ಹೊರಟ ಕಾಡಿಗೇ ಕಥೆ ಸುತ್ತಿ ಬಂದು ಸೇರಿತು. ಈ ಸಲ ಹೆಸರು ಮಾಡಿದವನು ಮಾವುತನ ಹುಡುಗ.

ಹೈದರನ ಕಲ್ಲು ನಿಂತಿದ್ದ ಕಾಕನಕೋಟೆಯಲ್ಲಿ ಖೆಡ್ಡಾ ದೊಡ್ಡ ಜಾತ್ರೆಯಾಗಿ ಬೆಳೆಯಿತು. ಕಬಿನಿ ಹೊಳೆಗೆ ಹಿಂಡನ್ನು ಇಳಿಸಿ, ನೀರಿನ ನಡುವೆ ಅಟ್ಟಿ ದಡದ ದೊಡ್ಡಿಗೆ ಹತ್ತಿಸುವ ‘ರಿವರ್ ಡ್ರೈವ್’ ನೋಡಲು ಅರಸರ ಅತಿಥಿಗಳು ದೇಶವಿದೇಶಗಳಿಂದ ಬಂದರು. ಮಾಸ್ತಿಯವರ ‘ಕಾಕನಕೋಟೆ’ ನಾಟಕ, 1977ರಲ್ಲಿ ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದ್ದು ಕನ್ನಡಿಗರಿಗೆ ಗೊತ್ತು. ಅದರ ಕೇಂದ್ರದಲ್ಲಿ ಸಾಹೇಬನಿಲ್ಲ, ಅರಮನೆಯ ಎದುರು ನಿಂತ ಕಾಡುಕುರುಬರಿದ್ದಾರೆ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ಕಾಯ್ದೆ ಬಂತು. ಕಬಿನಿ ಅಣೆಕಟ್ಟಿನ ಹಿನ್ನೀರು ಖೆಡ್ಡಾದ ಹಳೆಯ ಜಾಗಗಳನ್ನು ನುಂಗಿತು. ಬೇಸಿಗೆಯಲ್ಲಿ ಆ ಹಿನ್ನೀರಿನ ದಂಡೆಗೆ ನೂರಾರು ಆನೆಗಳು ಇಳಿಯುತ್ತವೆ. ಸಫಾರಿ ಜೀಪಿನಲ್ಲಿ ಕೂತು ಮೊಬೈಲ್ ಎತ್ತಿ ಹಿಡಿದವರಿಗೆ, ಆ ನೀರಿನಡಿ ಒಂದು ಕಾಲಕ್ಕೆ ದೊಡ್ಡಿಗಳಿದ್ದವು ಎಂಬುದು ಹೊಳೆಯುವುದಿಲ್ಲ.

ಕೊನೆಕೊನೆಯ ಖೆಡ್ಡಾಗಳಲ್ಲಿ ಸಿಕ್ಕ ಒಂದು ಮರಿಯನ್ನು ಮಾತ್ರ ಕನ್ನಡಿಗರೆಲ್ಲ ಬಲ್ಲರು. 1968ರಲ್ಲಿ ಕಾಕನಕೋಟೆಯಲ್ಲಿ ಸೆರೆಸಿಕ್ಕ ಅದು ಅರ್ಜುನ. ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ವರ್ಷಗಳ ಕಾಲ ಹೊತ್ತವನು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗವೊಂದರ ಜೊತೆ ಕಾದಾಡಿ ಸತ್ತ. ಕಾಡಿನಿಂದ ಹಿಡಿದು ತಂದವನು ಕಾಡಾನೆ ಹಿಡಿಯಹೋಗಿ ಪ್ರಾಣ ಕೊಟ್ಟ. ಖೆಡ್ಡಾದ ಕಥೆ ಅಲ್ಲಿಗೆ ಮುಗಿಯಿತು ಎನ್ನಬೇಕು.

ಅದೇ ಬೆಟ್ಟ, ಅದೇ ಮುಂಗಾರು

ಸ್ಯಾಂಡರ್‌ಸನ್ ಬಿಟ್ಟುಹೋದ ಕಡೆಯಿಂದ ನೂರು ವರ್ಷದ ಮೇಲೆ ಎಳೆ ಹಿಡಿದವರು ಆನೆಗಳ ಅಧ್ಯಯನಕಾರ ಆರ್. ಸುಕುಮಾರ್. 1980ರ ದಶಕದ ಆರಂಭದಲ್ಲಿ ಅವರು ಚಾಮರಾಜನಗರ–ಸತ್ಯಮಂಗಲ ಕಾಡುಗಳಲ್ಲಿ ಆನೆಗಳ ಬೆನ್ನು ಹತ್ತಿದರು. ಅವರ ಕೈಯಲ್ಲಿ ಬಂದೂಕಿರಲಿಲ್ಲ. ಮುಂಗಾರಿನ ಎಳೆಹುಲ್ಲು, ಬೇಸಿಗೆಯ ಹೊಳೆದಂಡೆ, ಸುಗ್ಗಿಯ ರಾಗಿ ಹೊಲ. ಆನೆಗಳ ವರ್ಷಚಕ್ರವನ್ನು ಅಂಕಿಅಂಶದೊಂದಿಗೆ ಬಿಡಿಸಿಟ್ಟರು. ಹೊಲಕ್ಕೆ ನುಗ್ಗುವುದರಲ್ಲಿ ಹಿಂಡಿಗಿಂತ ಸಲಗಗಳೇ ಮುಂದು ಎಂದು ತೋರಿಸಿದರು. 1989ರಲ್ಲಿ ಬಂದ ಅವರ ಪುಸ್ತಕ ಏಷ್ಯಾ ಆನೆಗಳ ಅಧ್ಯಯನಕ್ಕೆ ತಳಹದಿಯಾಯಿತು.

ಸೋಲಿಗರ ಪಾಡು? ಕಾಡು ಅಭಯಾರಣ್ಯವಾಯಿತು, ಜಾಡು ಹಿಡಿಯುತ್ತಿದ್ದವರು ಅತಿಕ್ರಮಣಕಾರರಂತೆ ಕಂಡರು. ಬೇಸಿಗೆಯ ಮೊದಲಲ್ಲಿ ನೆಲದ ತರಗೆಲೆಯನ್ನಷ್ಟೇ ಸುಡುವ ಅವರ ‘ತರಗು ಬೆಂಕಿ’ ನಿಂತಿತು. ಅದು ನಿಂತದ್ದರಿಂದಲೇ ಲಾಂಟಾನಾ ಪೊದೆ ಕಾಡನ್ನು ಕವಿದು ಹುಲ್ಲನ್ನು ನುಂಗಿತು ಎಂದು ಸೋಲಿಗರು ವರ್ಷಗಳಿಂದ ಹೇಳುತ್ತಲೇ ಇದ್ದರು. ಸಂಶೋಧಕರು ಆ ಮಾತಿಗೆ ಕಿವಿಗೊಟ್ಟದ್ದು ತಡವಾಗಿ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅರಣ್ಯ ಹಕ್ಕು ಕಾಯ್ದೆಯಡಿ ಅವರಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡೊಂದರಲ್ಲಿ ಅಂಥ ಹಕ್ಕು ಪಡೆದ ಮೊದಲಿಗರು ಅವರು.

ಈ ಮುಂಗಾರಿನಲ್ಲೂ ಹಿಂಡುಗಳು ಎಳೆಹುಲ್ಲಿಗೆ ಇಳಿಯುತ್ತವೆ. ಮುಂದೊಂದು ದಿನ ಆನೆ ಗಣತಿಯೋ ಹುಲಿ ಗಣತಿಯೋ ನಡೆಯುತ್ತದೆ. ಜಿಪಿಎಸ್ ಹಿಡಿದವರ ಮುಂದೆ ಕಾಡಿನ ವಾಚರ್ ಒಬ್ಬ ನಡೆಯುತ್ತಾನೆ. ಮಣ್ಣಿನ ಮೇಲಿನ ಹೆಜ್ಜೆಯನ್ನು ಮೊದಲು ಕಂಡು ಕೈಯೆತ್ತಿ ನಿಲ್ಲಿಸುವವನು ಅವನು. ಆತ ಸೋಲಿಗನೋ ಜೇನುಕುರುಬನೋ ಆಗಿರುತ್ತಾನೆ. ವರದಿ ಬರೆಯುವವರೇ, ಮುಖಪುಟದಲ್ಲಿ ಈ ಸಲ ಅವನ ಹೆಸರಿಗೂ ಒಂದು ಸಾಲು ಬಿಡಿ.